ಕೇಪಿನ ಕೋವಿ, ಅಂದಾಜಿನ ಮದ್ದು

ಹಾರಿಸಿ ಖಾಲಿಯಾದ ತೋಟಾಕ್ಕೆ ಮನೆಯಲ್ಲಿ ಕೂತು ಮತ್ತೆ ಮದ್ದು, ಗುಂಡು ತುಂಬಿದರೆ ಕಾನೂನಿನ ಕಣ್ಣಲ್ಲಿ ಅದು ಮದ್ದುಗುಂಡು ತಯಾರಿಕೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು. ಲೈಸೆನ್ಸಿಲ್ಲದೆ ಮಾಡಿ ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯ ನಂತರ, ಕಡಿಮೆಯೆಂದರೆ 7 ವರ್ಷ ಜೈಲು, ಜೀವಾವಧಿಯೂ ಆದೀತು. ಮದ್ದುಗುಂಡು ಎಂಬುದರ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರವೂ ಸೇರಿಕೊಂಡಿವೆ. ಇಷ್ಟು ಬಿಗಿಯಾದ ಕಾಯ್ದೆಯೇ 13ನೇ ಕಲಮಿಗೆ ಬರುವಾಗ, ಬೆಳೆ ಕಾಯುವ ರೈತನಿಗೆ ಯಾವ ಕೋವಿ ಕೊಡಬೇಕು ಎಂಬಲ್ಲಿ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು ಮುಂದಿಡುತ್ತದೆ. ಅಂದರೆ ಪ್ರತಿಯೊಂದು ಈಡನ್ನೂ ರೈತ ತನ್ನ ಜಗಲಿಯಲ್ಲಿ, ತನ್ನ ಕೈಯಾರೆ, ತನ್ನ ಅಂದಾಜಿನಲ್ಲೇ ಕಟ್ಟಿಕೊಳ್ಳಬೇಕು. ತೋಟಾ ತುಂಬಿದವನು ಅಪರಾಧಿ. ನಳಿಗೆ ತುಂಬಿದವನು ಕಾಯ್ದೆ ಪಾಲಿಸುವ ಪ್ರಜೆ.

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಈ ಮಾತಿಗೆ ತೂಕ ಜಾಸ್ತಿ. ಇಲ್ಲಿ ಹೆದ್ದಾರಿಯ ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ನಾಲ್ಕು ಮೈಲಿ ಹೋದರೆ ಕಾಡು. ಹಾಡುವಳ್ಳಿ, ಗೇರುಸೊಪ್ಪ, ಸಂತೆಗುಳಿ, ಯಾಣದ ಕಡೆಯ ಅಡಿಕೆ ತೋಟ, ಬತ್ತದ ಗದ್ದೆಗಳಿಗೆ ಬೇಲಿಯಾಚೆಯೇ ಅರಣ್ಯ. ಹಂದಿ ರಾತ್ರಿ ಬರುತ್ತದೆ, ಮಂಗ ಹಾಡಹಗಲೇ ಬರುತ್ತದೆ. ಪೊಲೀಸ್ ದಾಖಲೆಯಲ್ಲಿ ‘ಎಸ್‌ಬಿಎಂಎಲ್’ ಎಂದು ಬರೆಯುವ ಒಂಟಿನಳಿಗೆಯ ಕೋವಿ ಈ ಮನೆಗಳಲ್ಲಿ ಅಜ್ಜನ ಕಾಲದಿಂದ ಬಂದದ್ದು. ಕುವೆಂಪು, ತೇಜಸ್ವಿ ಓದಿ ಬೆಳೆದ ನಮಗೆ ಕೋವಿ ಎಂದಕೂಡಲೇ ಕಾಡು, ಹೊಗೆ, ಸಾಹಸ ಎಲ್ಲ ಒಟ್ಟಿಗೆ ನೆನಪಾಗುತ್ತವೆ. ಆ ಮೋಹವನ್ನು ಸ್ವಲ್ಪ ಬದಿಗಿಟ್ಟು, ಈಡು ತುಂಬುವ ಪದ್ಧತಿಯನ್ನು ಒಂದು ಕೆಲಸ ಎಂದು ನೋಡಬೇಕು. ಕೆಲಸ ಎಂದಮೇಲೆ ಅದು ಚೊಕ್ಕವೋ ಅಲ್ಲವೋ ಎಂದು ಕೇಳಲೇಬೇಕು.

ತುಂಬುವವನ ಕೈ ಗಮನಿಸಿ. ಕೋವಿಯ ಹಿಡಿ ನೆಲಕ್ಕೆ, ನಳಿಗೆ ಆಕಾಶಕ್ಕೆ. ಮಸಿ, ಅಂದರೆ ಕಪ್ಪು ಮದ್ದು, ಅಂಗೈಗೆ ಬೀಳುತ್ತದೆ. ಅಂಗೈಯ ಗುಳಿಯೇ ಅಳತೆ. ಅದು ನಳಿಗೆಗೆ ಇಳಿದ ಮೇಲೆ ತೆಂಗಿನ ನಾರಿನ ಉಂಡೆ, ಗಜ ಎಂಬ ಉದ್ದ ಸರಳಿನಿಂದ ಜಡಿತ. ಗಜ ಎಷ್ಟು ಪುಟಿಯಿತು ಎಂಬುದರ ಮೇಲೆ ಮದ್ದು ಕೂತಿತೋ ಇಲ್ಲವೋ ಎಂಬ ತೀರ್ಮಾನ. ಆಮೇಲೆ ಚರೆ, ಮತ್ತೆ ನಾರು, ಮತ್ತೆ ಜಡಿತ. ಹೊಡೆತಕ್ಕೆ ಸಿಡಿದು ಮದ್ದು ಹೊತ್ತಿಸುವ ಕೇಪು ಮಾತ್ರ ಅಂಗಿಯ ಜೇಬಿನಲ್ಲೇ ಇರಬೇಕು, ಹಾರಿಸುವ ಮುನ್ನ ಕೂರಿಸಬೇಕು. ಪಳಗಿದವರ ಕೈಯಲ್ಲಿ ಇದು ನೋಡುವಂಥ ಕೆಲಸ, ಅದನ್ನು ಅಲ್ಲಗಳೆಯುವುದಿಲ್ಲ. ಹುಡುಗರಿಗೆ ನಳಿಗೆಯ ಮೇಲೆ ಮುಖ ತರಬೇಡ ಎಂದು ಗದರುತ್ತ, ಮಾತು ನಿಲ್ಲಿಸದೆ, ಕೈ ತಪ್ಪದೆ ತುಂಬುವವರಿದ್ದಾರೆ. ಆದರೆ ಈ ಜಾಣತನವೆಲ್ಲ ಆ ಒಂದು ಅಂಗೈಗೆ ಸೇರಿದ್ದು. ಅಪ್ಪನ ಅಂಗೈಗೂ ಮಗನ ಅಂಗೈಗೂ ಗುಳಿ ಒಂದೇ ಅಲ್ಲ.

ಅಳತೆಯಿಲ್ಲದಿರುವುದು ಈ ಪದ್ಧತಿಯ ಮೊದಲ ದೋಷ. ಹೊಗೆಯಾಡುವ ಕಪ್ಪು ಮಸಿ ಅಷ್ಟಿಷ್ಟು ಹೆಚ್ಚುಕಡಿಮೆಯಾದರೆ ಹಳೆಯ ನಳಿಗೆ ತಾಳಿಕೊಂಡೀತು. ಹೆಗಲಿಗೆ ಒಂದು ಒದೆ ಬಿದ್ದು ಮುಗಿದೀತು. ಆ ಧೈರ್ಯದಲ್ಲೇ ನೂರಾರು ವರ್ಷ ನಡೆದುಬಂದಿದೆ. ತೊಂದರೆ ಮದ್ದಿನ ಜಾತಿ ಬದಲಾದಾಗ. ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ಹೊಗೆಯಿಲ್ಲದ ಮದ್ದು ಕಂಡುಹಿಡಿದ ಮೇಲೆ ಕೋವಿಗಳ ನಳಿಗೆಯನ್ನೇ ಬೇರೆ ಲೆಕ್ಕದಲ್ಲಿ ಮಾಡಬೇಕಾಯಿತು. ಕಪ್ಪು ಮಸಿಗೆಂದು ಮಾಡಿದ ನಳಿಗೆ ಆ ಒತ್ತಡಕ್ಕೆ ಬಿರಿಯುತ್ತದೆ. ಪಟಾಕಿ ಬಿಚ್ಚಿ ತೆಗೆದ ಪುಡಿಯ ಕಥೆಯಂತೂ ಇನ್ನೂ ಕೆಟ್ಟದ್ದು: ಅದು ಎಷ್ಟು ವೇಗವಾಗಿ ಉರಿಯುತ್ತದೆ ಎಂಬುದು ತುಂಬಿದವನಿಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿಲ್ಲ. ಲೈಸೆನ್ಸುಳ್ಳ ಅಂಗಡಿಯ ಮಸಿ ಸಿಗದ ದಿನ ಅಂಥದ್ದರಲ್ಲೇ ಕೆಲಸ ಸಾಗಿಸಿದರಾಯಿತು ಎಂಬ ಉಡಾಫೆ ಊರಿನಲ್ಲಿ ಇಲ್ಲದೇ ಇಲ್ಲ.

ಎರಡನೆಯ ದೋಷ ನನ್ನ ಲೆಕ್ಕದಲ್ಲಿ ಮೊದಲನೆಯದಕ್ಕಿಂತ ದೊಡ್ಡದು. ತುಂಬಿದ ಕೇಪಿನ ಕೋವಿಯನ್ನು ಸುಲಭವಾಗಿ ಬರಿದು ಮಾಡಲು ಬರುವುದಿಲ್ಲ. ತೋಟಾ ಕೋವಿಯಾದರೆ ನಳಿಗೆ ಮಡಚಿ, ತೋಟಾ ತೆಗೆದು ಜೇಬಿಗೆ ಹಾಕಿಕೊಂಡರೆ ಅದು ಬರೀ ಕಬ್ಬಿಣ. ಕೇಪಿನ ಕೋವಿಯ ಈಡು ನಳಿಗೆಯ ತಳದಲ್ಲಿ ನಾರಿನ ಕೆಳಗೆ ಕೂತಿರುತ್ತದೆ. ಹೊರಬರುವ ಸಲೀಸಾದ ದಾರಿ ಒಂದೇ, ಹಾರಿಸುವುದು. ಹಂದಿ ಬಾರದ ರಾತ್ರಿ ಏನಾಗುತ್ತದೆ? ಕೇಪು ತೆಗೆದು, ತುಂಬಿದ ಕೋವಿಯನ್ನೇ ಗೋಡೆಯ ಗೂಟಕ್ಕೆ ನೇತುಹಾಕುತ್ತಾರೆ. ನಾಳೆ, ನಾಡಿದ್ದು, ಮುಂದಿನ ವಾರ. ತುಂಬಿದ್ದು ನೆನಪಿರುವವನು ಒಬ್ಬನೇ. ಅವನು ಊರಿಗೆ ಹೋಗಿದ್ದಾಗ ಕೋವಿ ಇಳಿಸುವ ಕೈ ಬೇರೆಯದು. ಮಲೆನಾಡಿನ, ಕರಾವಳಿಯ ಪತ್ರಿಕೆಗಳಲ್ಲಿ ಆಗಾಗ ಕಾಣುವ ‘ಆಕಸ್ಮಿಕವಾಗಿ ಗುಂಡು ಹಾರಿ’ ಎಂಬ ಸುದ್ದಿ ಓದುವಾಗೆಲ್ಲ ನನಗೆ ಆ ಗೂಟದ ನೆನಪಾಗುತ್ತದೆ.

ಅದರ ಮೇಲೆ ನಮ್ಮ ಮಳೆ. ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಸುರಿಯುತ್ತದೆ. ಮಸಿ ಥಂಡಿ ಹೀರುವ ವಸ್ತು. ಆಷಾಢದಲ್ಲಿ ತುಂಬಿಟ್ಟ ಈಡು ಕೇಪು ಸಿಡಿದರೂ ಹೊತ್ತಿಕೊಳ್ಳುವುದಿಲ್ಲ, ಇಲ್ಲವೇ ಕ್ಷಣ ತಡೆದು ಹೊತ್ತಿಕೊಳ್ಳುತ್ತದೆ. ಆ ಕ್ಷಣದಲ್ಲಿ ಕೋವಿ ಕೆಳಗಿಳಿಸಿ ಏನಾಯಿತೆಂದು ನೋಡುವುದು ಮನುಷ್ಯ ಸ್ವಭಾವ. ಬೆಳೆ ಕಾಯುವ ಕೆಲಸ ಹೆಚ್ಚಿರುವುದೂ ಇದೇ ತಿಂಗಳುಗಳಲ್ಲಿ.

ಮನೆಯಲ್ಲಿ ಮದ್ದು ತುಂಬುವುದೇ ತಪ್ಪು ಎಂದು ಇಷ್ಟಕ್ಕೇ ತೀರ್ಪು ಕೊಟ್ಟರೆ ಅರ್ಧ ಮಾತಾಗುತ್ತದೆ. ಅಮೆರಿಕದಲ್ಲಿ ಪಿಸ್ತೂಲು, ರಿವಾಲ್ವರಿನ ಖಾಲಿ ತೋಟಾಗಳನ್ನು ಮನೆಯ ಶೆಡ್ಡಿನಲ್ಲಿ ಮತ್ತೆ ತುಂಬಿಕೊಳ್ಳುವುದು ಮಾಮೂಲಿ ಹವ್ಯಾಸ. ಅದರ ಸಲಕರಣೆ ಮಾಡುವ ಕಂಪನಿಗಳಿಗೆ ತಲೆಮಾರುಗಳ ಇತಿಹಾಸವಿದೆ. ಅಲ್ಲಿ ಮೇಜಿನ ಮೇಲೆ ಮೊದಲು ಕಾಣುವುದು ತಕ್ಕಡಿ, ಪಕ್ಕದಲ್ಲಿ ಪುಸ್ತಕ. ಯಾವ ತೋಟಾಕ್ಕೆ, ಯಾವ ತೂಕದ ಗುಂಡಿಗೆ, ಯಾವ ಮದ್ದು ಎಷ್ಟು ಗ್ರೇನ್, ಮಿತಿ ಎಲ್ಲಿ ಎಂದು ಮದ್ದು ತಯಾರಿಸುವವರೇ ಪರೀಕ್ಷಿಸಿ ಅಚ್ಚು ಹಾಕಿಸಿದ ಕೋಷ್ಟಕ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಚಿನಿವಾರರ ತಕ್ಕಡಿಗೆ ಮಾತ್ರ ನಿಲುಕುವ ಲೆಕ್ಕ. ಜರ್ಮನಿಯಲ್ಲಿ ಇದಕ್ಕೆ ಸ್ಫೋಟಕ ಕಾನೂನಿನಡಿ ಬೇರೆಯೇ ಪರವಾನಗಿ; ತರಗತಿಗೆ ಕೂತು ಪರೀಕ್ಷೆ ಪಾಸಾಗಬೇಕು.

ಇಷ್ಟೆಲ್ಲ ಇದ್ದೂ ಅಲ್ಲಿ ಕೋವಿ ಸಿಡಿದು ಬೆರಳು ಕಳೆದುಕೊಂಡವರಿದ್ದಾರೆ, ಅದರಲ್ಲೂ ಕೈಬಂದೂಕಿನ ತೋಟಾದಲ್ಲಿ. ಕಾರಣ ಸ್ವಾರಸ್ಯವಾಗಿದೆ. .38 ಸ್ಪೆಷಲ್‌ನಂಥ ರಿವಾಲ್ವರ್ ತೋಟಾ ಹುಟ್ಟಿದ್ದು 1898ರಲ್ಲಿ, ಕಪ್ಪು ಮಸಿಯ ಗಾತ್ರಕ್ಕೆ ತಕ್ಕ ಹಾಗೆ. ಈಗ ಅದಕ್ಕೆ ಹಾಕುವ ಹೊಗೆಯಿಲ್ಲದ ಮದ್ದು ತೀರಾ ಸ್ವಲ್ಪ. ಒಳಗೆ ಬಹಳಷ್ಟು ಜಾಗ ಖಾಲಿ ಉಳಿಯುತ್ತದೆ. ಮಾತಾಡುತ್ತ ಮೈಮರೆತು ಒಂದೇ ತೋಟಾಕ್ಕೆ ಎರಡು ಸಲ ಮದ್ದು ಹಾಕಿದರೂ ಅದು ಹೊರಗೆ ಚೆಲ್ಲುವುದಿಲ್ಲ, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ಕುದುರೆ ಎಳೆದಾಗ, ಕಣ್ಣಿನಿಂದ ಒಂದು ಮೊಳ ದೂರದಲ್ಲಿ. ತಕ್ಕಡಿಯೂ ಪುಸ್ತಕವೂ ಪರೀಕ್ಷೆಯೂ ಇರುವ ಕಡೆಯೇ ಈ ಗತಿಯಾದರೆ, ಅಂಗೈ ಅಳತೆಯ ನಾಡಿನಲ್ಲಿ ಯಾರಾದರೂ ಆನ್‌ಲೈನ್ ವಿಡಿಯೋ ನೋಡಿ ರಿವಾಲ್ವರಿಗೋ ಹನ್ನೆರಡು ಬೋರಿನ ಕೋವಿಗೋ ತೋಟಾ ತುಂಬಲು ಹೊರಟರೆ ತಡೆಯುವ ಕಾನೂನನ್ನು ನಾನು ದೂರುವುದಿಲ್ಲ. 7 ವರ್ಷದ ಶಿಕ್ಷೆ ಹೆಚ್ಚಾಯಿತು ಎಂದು ವಾದಿಸಬಹುದು. ತಡೆ ಬೇಡ ಎಂದು ವಾದಿಸಲಾಗದು.

ಕೇಪಿನ ಕೋವಿಯ ಪರವಾಗಿ ಹೇಳಬೇಕಾದ ಗಟ್ಟಿ ಮಾತು ಒಂದಿದೆ. ತೋಟದಲ್ಲಿ ಅದು ಬಹುಪಾಲು ಕೊಲ್ಲುವುದಿಲ್ಲ, ಸದ್ದು ಮಾಡುತ್ತದೆ. ಚರೆ ಹಾಕದೆ ಬರೀ ಮಸಿ ಜಡಿದು ಒಂದು ಈಡು ಹಾರಿಸಿದರೆ ಮಂಗನ ಹಿಂಡು ಒಂದೆರಡು ದಿನ ಆ ಕಡೆ ತಲೆ ಹಾಕುವುದಿಲ್ಲ. ಕಾರ್ಖಾನೆಯ ತೋಟಾದಲ್ಲಿ ಈ ಅನುಕೂಲವಿಲ್ಲ. ಅದರೊಳಗೆ ಸಾಮಾನ್ಯವಾಗಿ ಚರೆ ಇರುತ್ತದೆ, ಬೆಲೆಯೂ ಹೆಚ್ಚು. ಕಾನೂನು ನೋಡಿದರೂ ಸದ್ದೇ ಸರಿ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿಯ ನಂತರ ನಮ್ಮ ತೋಟಕ್ಕೆ ಬರುವ ಸಾಮಾನ್ಯ ಮಂಗವೂ ಒಂದನೇ ಅನುಸೂಚಿಯ ಪ್ರಾಣಿ. ಹೊನ್ನಾವರ, ಕುಮಟಾ ಭಾಗದ ಕಾಡಿನಲ್ಲಿ ಸಿಂಗಳೀಕವಿದೆ; ಮುಸ್ಸಂಜೆಯಲ್ಲಿ ಮರದ ತುದಿಗೆ ಹಾರಿದ ಚರೆಗೆ ಯಾವುದು ಮಂಗ, ಯಾವುದು ಸಿಂಗಳೀಕ ಎಂದು ತಿಳಿಯದು. ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣ್ಣೆ ಬೇರೆ ಮೈ ಹುಡುಕುತ್ತದೆ ಎಂಬುದನ್ನು ಮಂಗನ ಕಾಯಿಲೆ ಕಂಡ ಹೊನ್ನಾವರದವರಿಗೆ ವಿವರಿಸಬೇಕಿಲ್ಲ. ಹಂದಿಯನ್ನು ಕೊಲ್ಲಲೂ ಅದೇ ವನ್ಯಜೀವಿ ಕಾಯ್ದೆಯ 11ನೇ ಕಲಮಿನಡಿ ಅಧಿಕಾರಿಯ ಅನುಮತಿ ಬೇಕು.

ಆದರೆ ಸದ್ದಿಗೇ ಆದರೆ ಕೋವಿಯೇ ಏಕೆ ಎಂಬ ಪ್ರಶ್ನೆ ಏಳುತ್ತದೆ. ಗರ್ನಾಲು ಸಿಡಿಸಿದರೂ ಸದ್ದಾಗುತ್ತದೆ. ಸದ್ದಿನ ಹೆಸರಿನಲ್ಲಿ ತುಂಬಿದ ನಳಿಗೆಗೆ ಒಂದು ಹಿಡಿ ಚರೆ ಸೇರುವುದು ಎಷ್ಟು ಸಲೀಸು ಎಂಬುದು ಊರಿಗೆಲ್ಲ ಗೊತ್ತಿರುವ, ಯಾರೂ ಬಾಯಿಬಿಡದ ಸಂಗತಿ. ಹಾಗೆಂದು ಕೋವಿ ಕಿತ್ತುಕೊಂಡರೆ ಹಂದಿ ನಿಲ್ಲುವುದೂ ಇಲ್ಲ. ಆ ಜಾಗಕ್ಕೆ ಉರುಳು, ಕರೆಂಟಿನ ತಂತಿ, ತಿಂಡಿಯಲ್ಲಿ ಸುತ್ತಿಟ್ಟ ಕಚ್ಚಾಬಾಂಬು ಬರುತ್ತವೆ. ಕಚ್ಚಿದ್ದು ಹಂದಿಯೋ ಪಕ್ಕದ ಮನೆಯ ಹಸುವೋ ಎಂದು ಬಾಂಬು ಕೇಳುವುದಿಲ್ಲ. 2020ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಬಾಯಿ ಸಿಡಿದು ನೀರಿನಲ್ಲಿ ನಿಂತೇ ಸತ್ತ ಬಸುರಿ ಆನೆಯ ಚಿತ್ರ ಇಡೀ ದೇಶ ನೋಡಿತು. ಇವೆಲ್ಲಕ್ಕೆ ಹೋಲಿಸಿದರೆ, ಹೆಸರು ವಿಳಾಸ ಬರೆಸಿದ ಒಬ್ಬ ಮನುಷ್ಯನ ಕೈಯಲ್ಲಿರುವ ಲೈಸೆನ್ಸಿನ ಕೋವಿ ಎಷ್ಟೋ ಮೇಲು.

ಆ ಮೇಲಾದದ್ದನ್ನು ಇನ್ನಷ್ಟು ಚೊಕ್ಕ ಮಾಡುವ ದಾರಿ ಕಾಯ್ದೆಯಲ್ಲೇ ಇದೆ. 13ನೇ ಕಲಮಿಗೆ ಒಂದು ಪರಂತುಕವಿದೆ: ಬೆಳೆ ರಕ್ಷಣೆಗೆ ಕೇಪಿನ ಕೋವಿ ಸಾಲದು ಎಂದು ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಕೋವಿಗೂ ಲೈಸೆನ್ಸ್ ಕೊಡಬಹುದು. ಕಾಯ್ದೆ ಬರೆದವರ ಮನಸ್ಸಿನಲ್ಲಿ ಇದ್ದದ್ದು ಸ್ಪಷ್ಟ. ನಿಧಾನಕ್ಕೆ ತುಂಬುವ ಕೋವಿ ಕಡಿಮೆ ಅಪಾಯದ್ದು, ಅದರಿಂದ ದಂಗೆ ಏಳಲಾಗದು. ಸರ್ಕಾರದ ದೃಷ್ಟಿಯಿಂದ ಅದು ಸರಿಯಿರಬಹುದು. 1993ರ ಗಲಭೆಯನ್ನೂ, 1996ರಲ್ಲಿ ಶಾಸಕ ಡಾ. ಯು. ಚಿತ್ತರಂಜನ್ ಗುಂಡಿಗೆ ಬಲಿಯಾದದ್ದನ್ನೂ ಕಂಡ ಭಟ್ಕಳದಲ್ಲಿ ಪೊಲೀಸರು ಕೋವಿಯ ವಿಚಾರಕ್ಕೆ ಹುಬ್ಬು ಗಂಟಿಕ್ಕಿದರೆ ಆಶ್ಚರ್ಯವೂ ಇಲ್ಲ. ಆದರೆ ಕೋವಿ ಯಾರಿಗೆ ಅಪಾಯ ಎಂಬ ಪ್ರಶ್ನೆಯನ್ನು ಕಾಯ್ದೆ ಸರ್ಕಾರದ ಕಡೆಯಿಂದ ಮಾತ್ರ ಕೇಳಿದೆ. ತುಂಬುವವನ ಕೈಗೆ, ಅವನ ಮನೆಯ ಮಕ್ಕಳಿಗೆ ಯಾವುದು ಅಪಾಯ ಎಂದು ಕೇಳಿದ್ದರೆ ಉತ್ತರ ಬೇರೆ ಬರುತ್ತಿತ್ತು. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸು ಎಂಬ ನೋಟಿಸು ಬರುತ್ತದಲ್ಲ, ಅದನ್ನು ಕೈಯಲ್ಲಿ ಹಿಡಿದ ರೈತ ಮೊದಲು ಗುಡ್ಡದ ಕಡೆ ತಿರುಗಿ ಒಂದು ಈಡು ಹಾರಿಸಿ ಕೋವಿ ಬರಿದು ಮಾಡಬೇಕು. ಸುರಕ್ಷತೆಗೆಂದು ಹೊರಡಿಸಿದ ಆದೇಶ ಪಾಲಿಸುವುದೂ ಒಂದು ಗುಂಡಿನಿಂದಲೇ.

ಕೊಡಗಿನವರನ್ನು ಎತ್ತಿ ತೋರಿಸಿ, ಕೋವಿ ಲೈಸೆನ್ಸಿನಿಂದ ಅವರಿಗೆ ವಿನಾಯಿತಿ ಇದೆ ನಮಗೇಕಿಲ್ಲ ಎನ್ನುವವರಿದ್ದಾರೆ. ಕೊಡವರಿಗೂ ಅಲ್ಲಿಯ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 10 ವರ್ಷಕ್ಕೆ ಮುಂದುವರಿಸಿತು, ಹೈಕೋರ್ಟೂ 2021ರಲ್ಲಿ ಎತ್ತಿಹಿಡಿಯಿತು. ಅದು ಅವರ ಚರಿತ್ರೆಯ ಮಾತು, ನಮಗೆ ಮಾದರಿಯಲ್ಲ. ನಮಗೆ ಹತ್ತಿರದ್ದು ಕೇರಳದ ಕಾಸರಗೋಡು. ಕೇರಳ ಸರ್ಕಾರ 2022ರ ಮೇ ತಿಂಗಳಲ್ಲಿ ಕಾಡುಹಂದಿ ಕೊಲ್ಲಲು ಆದೇಶಿಸುವ ಅಧಿಕಾರವನ್ನು ಪಂಚಾಯತಿ, ನಗರಸಭೆಗಳ ಅಧ್ಯಕ್ಷರಿಗೆ ಕೊಟ್ಟಿತು. ಗುಂಡು ಹಾರಿಸುವುದು ಲೈಸೆನ್ಸುಳ್ಳವರು. ಅಲ್ಲಿಯ ಕನ್ನಡ ರೈತರೂ ಈ ವ್ಯವಸ್ಥೆಯೊಳಗೇ ಇದ್ದಾರೆ. ಅದರಲ್ಲೂ ತಕರಾರುಗಳಿರಬಹುದು. ಆದರೆ ಯಾರು, ಎಲ್ಲಿ, ಯಾರ ಮಾತಿನ ಮೇಲೆ ಹಾರಿಸಿದರು ಎಂಬುದಕ್ಕೆ ಅಲ್ಲಿ ಒಂದು ಕಾಗದ ಉಳಿಯುತ್ತದೆ.

2016ರ ಶಸ್ತ್ರಾಸ್ತ್ರ ನಿಯಮಗಳು ಲೈಸೆನ್ಸಿಗೆ ಮುನ್ನ ಸುರಕ್ಷತಾ ತರಬೇತಿ ಬೇಕೆನ್ನುತ್ತವೆ. ಈ ಮೂರು ತಾಲೂಕುಗಳಲ್ಲಿ ಅಂಥ ತರಬೇತಿ ಎಂದರೆ ಮೊದಲ ಪಾಠ ಈಡು ತುಂಬುವುದೇ ಆಗಬೇಕು: ಅಂಗೈ ಬಿಟ್ಟು ಅಳತೆಯ ಡಬ್ಬಿ ಹಿಡಿಯುವುದು, ಗೊತ್ತಿಲ್ಲದ ಮದ್ದು ಮುಟ್ಟದಿರುವುದು, ತುಂಬಿದ ಕೋವಿಯನ್ನು ಗೂಟಕ್ಕೆ ಹಾಕದಿರುವುದು. ಪೆರೇಡ್ ಮೈದಾನದಲ್ಲಿ ಪೊಲೀಸ್ ರೈಫಲ್ ಹಿಡಿಸಿ ಪ್ರಮಾಣಪತ್ರ ಕೊಟ್ಟರೆ ಕೇಪಿನ ಕೋವಿಯವನಿಗೆ ಉಪಯೋಗವಿಲ್ಲ.

ನನ್ನ ತೀರ್ಪು ಇಷ್ಟು. ಮನೆಯಲ್ಲಿ ತೋಟಾ ತುಂಬುವುದನ್ನು, ಅದರಲ್ಲೂ ಕೈಬಂದೂಕಿನದನ್ನು, ಕಾಯ್ದೆ ತಡೆದದ್ದು ಸರಿ. ಅದೇ ಕಾಯ್ದೆ ರೈತನಿಗೆ ಮನೆಯಲ್ಲೇ ಮದ್ದು ತುಂಬುವ ಕೋವಿ ಕೊಟ್ಟು ಕೈತೊಳೆದುಕೊಂಡದ್ದು ತಪ್ಪು. ಈಗ ಲೈಸೆನ್ಸಿನ ಅವಧಿ 5 ವರ್ಷ. ಮುಂದಿನ ನವೀಕರಣಕ್ಕೆ ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಕಾಗದ ಕಳಿಸುವ ಬೆಳೆಗಾರರು, ಮನೆಯ ಕೋವಿ ಕೇಪಿನದಾಗಿದ್ದರೆ, 13ನೇ ಕಲಮಿನ ಆ ಪರಂತುಕವನ್ನು ಹೆಸರಿಸಿ ತೋಟಾ ಕೋವಿಗೆ ಬದಲಾವಣೆ ಕೇಳಿ ಒಂದು ಅರ್ಜಿ ಜೊತೆಗಿಡಿ. ಅದಕ್ಕೂ ಮೊದಲು, ಗೋಡೆಯ ಮೇಲಿರುವುದು ತುಂಬಿದೆಯೋ ಇಲ್ಲವೋ ಎಂದು ಮನೆಯಲ್ಲಿ ಕೇಳಿ ತಿಳಿದುಕೊಳ್ಳಿ.