ಉಬ್ಬಿದ ಟರ್ಬಿನೇಟ್: ಎಷ್ಟು ಕತ್ತರಿಸಬೇಕು?

ಮೂಗಿನೊಳಗೆ ಪಕ್ಕದ ಗೋಡೆಯಿಂದ ಚಾಚಿಕೊಂಡಿರುವ, ಸುರುಳಿಯಂತೆ ಬಾಗಿದ ತೆಳುಮೂಳೆಗಳೇ ಟರ್ಬಿನೇಟ್‌ಗಳು. ಸಾಮಾನ್ಯವಾಗಿ ಒಂದೊಂದು ಬದಿಗೆ ಮೂರು. ತೊಂದರೆ ಕೊಡುವುದು ಹೆಚ್ಚಾಗಿ ಕೆಳಗಿನದು. ಮೂಳೆಯನ್ನು ಹೊದ್ದ ಲೋಳೆಪೊರೆಯ ತುಂಬ ರಕ್ತನಾಳಗಳಿರುವುದರಿಂದ, ಅವು ತುಂಬಿದಾಗ ಪೊರೆ ಉಬ್ಬುತ್ತದೆ, ಬರಿದಾದಾಗ ಇಳಿಯುತ್ತದೆ. ಉಸಿರಿನ ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಸೇರಿಸಿ, ದೂಳು ಸೋಸುವುದು ಇದರ ಕೆಲಸ.

ಹೀಗಾಗಿ ಉಬ್ಬಿದ್ದೆಲ್ಲ ರೋಗವಲ್ಲ. ಆರೋಗ್ಯವಂತರ ಮೂಗಿನಲ್ಲೂ ಕೆಲವು ಗಂಟೆಗಳಿಗೊಮ್ಮೆ ಒಂದು ಬದಿ ಉಬ್ಬಿ ಇನ್ನೊಂದು ಇಳಿಯುತ್ತದೆ. ಸ್ಕ್ಯಾನ್ ತೆಗೆದ ಗಳಿಗೆಯಲ್ಲಿ ಉಬ್ಬಿದ್ದ ಬದಿ ವರದಿಯಲ್ಲಿ ದೋಷವಾಗಿ ದಾಖಲಾಗಬಹುದು. ಆ ಒಂದು ಸಾಲನ್ನು ನಂಬಿ ಆಪರೇಷನ್‌ಗೆ ದಿನ ಗೊತ್ತುಮಾಡುವುದು ಅವಸರದ ಚಿಕಿತ್ಸೆ. ಜನ 'ದುರ್ಮಾಂಸ ಬೆಳೆದಿದೆ' ಎನ್ನುವಾಗ ಪಾಲಿಪ್ ಕೂಡ ಅದರಲ್ಲೇ ಸೇರಿಹೋಗುತ್ತದೆ. ಪಾಲಿಪ್ ಮಾಸಲು ಬಣ್ಣದ್ದು, ಮುಟ್ಟಿದರೆ ನೋಯುವುದಿಲ್ಲ; ಅದರ ಚಿಕಿತ್ಸೆಯ ದಾರಿಯೂ ಬೇರೆ.

ನಿಜವಾದ, ಬಹುಕಾಲದ ಉಬ್ಬಿಗೆ ಮೊದಲ ಕಾರಣ ಅಲರ್ಜಿ: ಹಾಸಿಗೆಯ ದೂಳಿನ ನುಸಿ, ಪರಾಗ, ಶಿಲೀಂಧ್ರ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಬೆಳೆಯುವ ಪಾರ್ಥೇನಿಯಂ ಈ ಪಟ್ಟಿಯ ಹಳೆಯ ಆರೋಪಿ. ಗರ್ಭಾವಸ್ಥೆ, ಥೈರಾಯ್ಡ್ ಕೊರತೆ, ಹೊಗೆ, ಕೆಲವು ಬಿಪಿ ಮಾತ್ರೆಗಳೂ ಕಾರಣವಾಗಬಲ್ಲವು. ಮೂಗಿನ ನಡುಗೋಡೆ ಒಂದು ಕಡೆಗೆ ವಾಲಿದ್ದರೆ ಅಗಲವಾದ ಬದಿಯ ಟರ್ಬಿನೇಟ್ ಬೆಳೆದು ಆ ಜಾಗವನ್ನು ತುಂಬಿಕೊಳ್ಳುತ್ತದೆ.

ಇನ್ನೊಂದು ಕಾರಣ ಔಷಧದ ಅಂಗಡಿಯಿಂದಲೇ ಬರುತ್ತದೆ. ಕ್ಸೈಲೊಮೆಟಜೋಲಿನ್, ಆಕ್ಸಿಮೆಟಜೋಲಿನ್ ಹನಿಗಳು ರಕ್ತನಾಳಗಳನ್ನು ಕುಗ್ಗಿಸಿ ನಿಮಿಷಗಳಲ್ಲೇ ಮೂಗು ಬಿಡಿಸುತ್ತವೆ. ಮೂರರಿಂದ ಐದು ದಿನ ದಾಟಿದರೆ, ಹನಿಯ ಪ್ರಭಾವ ಇಳಿಯುತ್ತಿದ್ದಂತೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟತೊಡಗುತ್ತದೆ. ಮತ್ತೆ ಹನಿ, ಮತ್ತೆ ಕಟ್ಟು. ದಿಂಬಿನ ಪಕ್ಕ ಬಾಟಲಿ ಇಲ್ಲದೆ ನಿದ್ದೆ ಬಾರದವರಿದ್ದಾರೆ. ಇಂಥವರಿಗೆ ಮೊದಲು ಬೇಕಾದದ್ದು ಆಪರೇಷನ್ ಅಲ್ಲ, ಆ ಬಾಟಲಿ ಬಿಡಿಸುವುದು.

ಕುಗ್ಗಿಸುವ ಔಷಧವನ್ನೇ ತಪಾಸಣೆಗೂ ಬಳಸುತ್ತಾರೆ. ವೈದ್ಯರು ಅದನ್ನು ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡುತ್ತಾರೆ. ಟರ್ಬಿನೇಟ್ ಕುಗ್ಗಿದರೆ ಅದು ಲೋಳೆಪೊರೆಯ ಊತ, ಔಷಧಕ್ಕೆ ಜಗ್ಗುವ ಸಾಧ್ಯತೆ ಹೆಚ್ಚು. ಕುಗ್ಗದಿದ್ದರೆ ಮೂಳೆಯೇ ದಪ್ಪವಾಗಿರಬಹುದು, ಇಲ್ಲವೇ ಊತ ಕಾಯಂ ಆಗಿರಬಹುದು.

ಅಲರ್ಜಿಗೆ ಉಪ್ಪುನೀರಿನಿಂದ ಮೂಗು ತೊಳೆಯುವುದು (ನೀರು ಕುದಿಸಿ ಆರಿಸಿದ್ದಿರಬೇಕು) ಮತ್ತು ಫ್ಲುಟಿಕಾಸೋನ್, ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಸ್ಪ್ರೇ ಮೊದಲ ಚಿಕಿತ್ಸೆ. ಸ್ಪ್ರೇಯ ಪೂರ್ಣ ಫಲ ಕಾಣಲು ವಾರಗಳೇ ಬೇಕು. ನಾಲ್ಕು ದಿನಕ್ಕೆ ಬಿಟ್ಟು 'ಕೆಲಸ ಮಾಡಲಿಲ್ಲ' ಎನ್ನುವವರೇ ಬಹಳ. ನಳಿಕೆಯ ತುದಿ ನಡುಗೋಡೆಯ ಕಡೆಗಲ್ಲ, ಕಣ್ಣಿನ ಹೊರತುದಿಯ ಕಡೆಗೆ ತಿರುಗಿರಬೇಕು. ಇಷ್ಟನ್ನು ಬಾಯಿಮಾತಿನಲ್ಲಾದರೂ ಹೇಳಿಕೊಡದೆ ಚೀಟಿ ಬರೆಯುವುದು ಅಪೂರ್ಣ ಚಿಕಿತ್ಸೆ. ಅಲರ್ಜಿ ಮಾತ್ರೆ ಸೀನು, ತುರಿಕೆಯನ್ನು ತಗ್ಗಿಸುತ್ತದೆ, ಕಟ್ಟಿದ ಮೂಗಿಗೆ ಅಷ್ಟಾಗಿ ನೆರವಾಗದು.

ಇಷ್ಟಾಗಿಯೂ ಗುಣ ಕಾಣದವರಿಗೆ ಶಸ್ತ್ರಚಿಕಿತ್ಸೆ ಉಪಯುಕ್ತ. ವಿವಾದವಿರುವುದು ಎಷ್ಟು ತೆಗೆಯಬೇಕೆಂಬುದರಲ್ಲಿ. ಇಟಲಿಯ ಪಸ್ಸಾಲಿ ಮತ್ತು ಸಂಗಡಿಗರು 382 ರೋಗಿಗಳಲ್ಲಿ ಆರು ವಿಧಾನಗಳನ್ನು ಹೋಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೊರೆಯನ್ನು ಉಳಿಸಿಕೊಂಡು ಒಳಭಾಗ ತೆಗೆದು, ಟರ್ಬಿನೇಟ್ ಅನ್ನು ಪಕ್ಕಕ್ಕೆ ಸರಿಸುವ ಕ್ರಮವೇ ದೀರ್ಘಾವಧಿಯಲ್ಲಿ ಮೇಲುಗೈ ಪಡೆಯಿತು. ಒಳಗಿನ ಊತವನ್ನು ಶಾಖದಿಂದ ಕುಗ್ಗಿಸುವ ರೇಡಿಯೋ ಫ್ರೀಕ್ವೆನ್ಸಿ ವಿಧಾನವೂ ಪೊರೆಯನ್ನು ಉಳಿಸುತ್ತದೆ, ಆದರೆ ವರ್ಷಗಳ ನಂತರ ಊತ ಮರಳಬಹುದು. ಮೇಲ್ಮೈ ಸುಡುವ ಲೇಸರ್ ಹೆಸರಿನಲ್ಲಿ ಆಧುನಿಕವಾದರೂ ಗಾಳಿ ಸೋಸುವ ಪೊರೆಯನ್ನೇ ಹಾಳುಮಾಡುತ್ತದೆ.

ಇಡೀ ಟರ್ಬಿನೇಟ್ ಕತ್ತರಿಸಿ ತೆಗೆಯುವ ಹಳೆಯ ಪದ್ಧತಿಯ ಬೆಲೆ ತಡವಾಗಿ ಕಂಡಿತು. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 1994ರಲ್ಲಿ ಆ ತೊಂದರೆಗೆ 'ಎಂಪ್ಟಿ ನೋಸ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಮೂಗು ಪೂರ್ತಿ ತೆರೆದಿದ್ದರೂ ಉಸಿರು ಸಾಲದೆಂದು ರೋಗಿ ಒದ್ದಾಡುತ್ತಾನೆ. ಗಾಳಿ ತಂಪಾಗಿ ತಾಕುವುದನ್ನು ಅರಿಯುವ ಪೊರೆ ಇಲ್ಲವಾದಾಗ ಉಸಿರಾಡಿದ ಅನುಭವವೇ ಆಗದಿರುವುದು ಇದಕ್ಕೆ ಒಂದು ವಿವರಣೆ. ಕತ್ತರಿಸಿಕೊಂಡ ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಆದವರಿಗೆ ಕಳೆದುಹೋದ ಅಂಗವನ್ನು ಮರಳಿ ಕೊಡುವ ದಾರಿಯಿಲ್ಲ. ಗಡ್ಡೆಯಂಥ ಬೇರೆ ಕಾರಣವಿಲ್ಲದಿದ್ದರೆ ಪೂರ್ಣ ಟರ್ಬಿನೇಟ್ ತೆಗೆಯುವುದಕ್ಕೆ ಇಂದು ಸಮರ್ಥನೆಯಿಲ್ಲ. ಹದವಾಗಿ ನಡೆದ ಶಸ್ತ್ರಚಿಕಿತ್ಸೆಯೂ ಅಲರ್ಜಿಯನ್ನು ಗುಣಪಡಿಸುವುದಿಲ್ಲ. ಹಲವರಿಗೆ ಸ್ಪ್ರೇ ಆಮೇಲೂ ಬೇಕಾಗುತ್ತದೆ, ಒಪ್ಪಿಗೆಯ ಸಹಿ ಹಾಕುವ ಮೊದಲೇ ರೋಗಿಗೆ ಇದು ತಿಳಿದಿರಬೇಕು.