ಹಿನ್ನೀರಿನ ದ್ವೀಪದಲ್ಲೊಂದು ರಾತ್ರಿ: ರಸಿಕರಿಗೊಂದು ಕೈಪಿಡಿ

ಸಾಗರ ತಾಲ್ಲೂಕಿನ ಹೊನ್ನೇಮರಡು ಶರಾವತಿ ಹಿನ್ನೀರಿನ ದಂಡೆಯಲ್ಲಿದೆ. ಹರಿಗೋಲಿನಲ್ಲಿ ಹೊರಟು ದ್ವೀಪದಲ್ಲಿ ರಾತ್ರಿ ತಂಗುವ ಶಿಬಿರಗಳಿಂದ ಅದಕ್ಕೆ ಹೆಸರು ಬಂದಿದೆ. ಮೈಸೂರಿನಿಂದ ಬೆಂಗಳೂರಿನ ಮೂಲಕ ಹತ್ತಿರದ ತಾಳಗುಪ್ಪಕ್ಕೆ ಹೋಗುವ ರೈಲು ಕೆಂಗೇರಿಯನ್ನು ಹಾದೇ ಹೋಗುವುದರಿಂದ ಪಶ್ಚಿಮ ಬೆಂಗಳೂರಿನವರಿಗೆ ಪ್ರಯಾಣ ಸಲೀಸು.

ಈ ದ್ವೀಪ ಹೊಳೆ ತಂದು ಹಾಕಿದ ಮಣ್ಣಿನ ದಿಣ್ಣೆಯಲ್ಲ, ಗುಡ್ಡದ ನೆತ್ತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಕಣಿವೆ ತುಂಬಿದಾಗ ಗದ್ದೆ, ತೋಟ, ಮನೆಗಳೆಲ್ಲ ಮುಳುಗಿದವು. ಎತ್ತರದ ನೆಲ ಮಾತ್ರ ಮೇಲುಳಿಯಿತು. ಅನೇಕರು ಊರನ್ನೇ ಬಿಟ್ಟರು. ಆಚೆ ದಡದಲ್ಲಿ ಉಳಿದ ತುಮರಿ ಕಡೆಯವರು ಸಾಗರಕ್ಕೆ ಬರಲು ಲಾಂಚಿಗೆ ಕಾಯುತ್ತಿದ್ದರು. ಆ ದಡವನ್ನು ಜೋಡಿಸುವ ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಈ ಮುಳುಗಡೆಯ ಕತೆ ತಿಳಿಯದೆ ಹೋದವರಿಗೆ ಅಲ್ಲಿ ಕಾಣುವುದು ಬರೀ ಚೆಂದದ ನೀರು.

ತಿಳಿದವರು ಮೊದಲು ನೋಡುವುದು ನೀರಿನ ಮಟ್ಟವನ್ನು. ಜಲಾಶಯದ ಪೂರ್ಣ ಮಟ್ಟ 1,819 ಅಡಿ. ಒಳ್ಳೆಯ ಮಳೆಗಾಲದ ಕೊನೆಗೆ ದ್ವೀಪ ಕುಗ್ಗಿ, ಮರಗಳ ಬುಡಕ್ಕೇ ನೀರು ತಾಗುತ್ತದೆ. ವಿದ್ಯುತ್ತಿಗಾಗಿ ನೀರು ಹರಿಸಿದಂತೆ ದಂಡೆ ಇಳಿಯುತ್ತ, ಕೆಂಪು ಜಂಬಿಟ್ಟಿಗೆ ಮಣ್ಣಿನ ಮೇಲೆ ಒಂದರ ಕೆಳಗೊಂದು ಗೆರೆ ಬೀಳುತ್ತದೆ. ಪ್ರತಿ ಗೆರೆಯೂ ನೀರು ಕೆಲಕಾಲ ನಿಂತು ಹೋದ ಗುರುತು. ಬೇಸಿಗೆಯಲ್ಲಿ ಸತ್ತ ಮರಗಳ ಬೊಡ್ಡೆಗಳು ಮೇಲೇಳುತ್ತವೆ. ನೀರು ತೀರ ತಗ್ಗಿದಾಗ, ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ್ದ ಮಡೇನೂರು ಅಣೆಕಟ್ಟೂ ಹೊರಗೆ ಕಾಣುತ್ತದೆ. ಕಣ್ಣಿಗೆ ಬೇಸಿಗೆಯ ದಂಡೆಯೇ ಹೆಚ್ಚು ಹೇಳುತ್ತದೆ. ತಂಗುವುದಕ್ಕೆ ನವೆಂಬರಿನಿಂದ ಫೆಬ್ರವರಿವರೆಗಿನ ಕಾಲ ಹಿತ.

ಹರಿಗೋಲಿನ ಸವಾರಿಯೂ ಕಲಿತು ಸವಿಯುವಂಥದ್ದು. ದುಂಡನೆಯ ಈ ದೋಣಿಗೆ ಮುಂದು ಹಿಂದು ಇಲ್ಲ. ಹುಟ್ಟನ್ನು ಒಂದೇ ಬದಿಗೆ ಹಾಕಿದರೆ ಇದ್ದಲ್ಲೇ ಸುತ್ತುತ್ತದೆ. ಹೋಗಬೇಕಾದ ದಿಕ್ಕಿಗೆ ಮುಖಮಾಡಿ, ಹುಟ್ಟನ್ನು ಎದುರಿಗೆ ಇಳಿಸಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಈಜು ಬಲ್ಲವರಿಗೂ ಲೈಫ್ ಜಾಕೆಟ್ ಬೇಕೇ ಬೇಕು.

ಮಲೆನಾಡಿನಲ್ಲಿ ಗದ್ದೆ ಕಾಯುವವರು ಅಟ್ಟಣೆ ಕಟ್ಟಿ ಮಲಗುವುದು ಹಂದಿ ದೂರದಿಂದ ಕಾಣಲೆಂದಷ್ಟೇ ಅಲ್ಲ, ನೆಲದ ತೇವ, ಇರುವೆ, ಹಾವುಗಳಿಂದ ದೂರವಿರಲೂ ಹೌದು. ಮರದ ಅಟ್ಟಣೆಯಿಲ್ಲದ ದ್ವೀಪದಲ್ಲಿ ಗುಡ್ಡದ ನೆತ್ತಿಯೇ ಅಟ್ಟಣೆ. ನೀರಿನಂಚು ಬಿಟ್ಟು, ಮೇಲಿನ ಒಣ ಸಮತಟ್ಟಿನಲ್ಲಿ ಟಾರ್ಪಾಲು ಹಾಸಿ ಗುಡಾರ ಹೂಡಬೇಕು.

ರಾತ್ರಿಯ ಸೊಗಸಿಗೆ ಅಮಾವಾಸ್ಯೆಯ ಆಸುಪಾಸಿನ ದಿನಗಳೇ ಶ್ರೇಷ್ಠ. ಟಾರ್ಚು, ಮೊಬೈಲು ಆರಿಸಿ ಅರ್ಧ ಗಂಟೆ ಕೂತರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ. ಡಿಸೆಂಬರಿನ ಸಂಜೆ ಪೂರ್ವದಲ್ಲಿ ಕೃತ್ತಿಕೆ, ಅದರ ಕೆಳಗೆ ರೋಹಿಣಿ, ತುಸು ತಡವಾಗಿ ಮಹಾವ್ಯಾಧ ಕಾಣುತ್ತವೆ. ಬೆಂಗಳೂರಿನ ರಾಜಾಜಿನಗರದ ತಾರಸಿಯಲ್ಲಿ ಕೃತ್ತಿಕೆಯನ್ನು ಹುಡುಕಿ ಸೋತವರು ಇಲ್ಲಿ ಅದರ ಆರು ನಕ್ಷತ್ರಗಳನ್ನೂ ಎಣಿಸಬಹುದು.

ದ್ವೀಪಕ್ಕೆ ಶಿಬಿರ ನಡೆಸುವವರ ಜೊತೆಗೇ, ಅನುಮತಿ ಪಡೆದೇ ಹೋಗಬೇಕು. ಒಯ್ದ ಪ್ಲಾಸ್ಟಿಕ್ಕು, ಉಳಿದ ಊಟ ಎಲ್ಲವೂ ಅದೇ ಹರಿಗೋಲಿನಲ್ಲಿ ವಾಪಸು ಬರಬೇಕು. ಗಾಳಿ ಎದ್ದರೆ ಹರಿಗೋಲು ಹಿಡಿತಕ್ಕೆ ಸಿಗದ ಕಾರಣ ಮರಳಲು ಬೆಳಗಿನ ಹೊತ್ತೇ ಸರಿ.