ಎಪಿಕ್ಯೂರಸನ ಎರಡು ಪತ್ರಗಳು

ಎಪಿಕ್ಯೂರಸ್ ಎಂದೊಡನೆ ಭೋಗಜೀವನದ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಅದು ತಪ್ಪು. ಕ್ರಿ.ಪೂ. 270ರಲ್ಲಿ ತೀರಿಕೊಂಡ ಈ ಗ್ರೀಕ್ ತತ್ವಜ್ಞಾನಿಗೆ ಸುಖವೆಂದರೆ ಮೈಗೆ ನೋವಿಲ್ಲದಿರುವುದು, ಮನಸ್ಸಿಗೆ ಕಳವಳವಿಲ್ಲದಿರುವುದು. ತಂದೆಯೋ ತಾಯಿಯೋ ಐಸಿಯುನಲ್ಲಿರುವಾಗ ಈ ತತ್ವ ನಮಗೆ ಎಷ್ಟರಮಟ್ಟಿಗೆ ಒದಗುತ್ತದೆ? ಆತನ ಎರಡು ಪತ್ರಗಳನ್ನು ಒಟ್ಟಿಗೆ ಓದಿದರೆ ತಿಳಿಯುತ್ತದೆ.

ಮೊದಲನೆಯದು ಮೆನೋಯ್ಕಿಯಸ್ ಎಂಬಾತನಿಗೆ ಬರೆದದ್ದು. ಸತ್ತ ಮೇಲೆ ಅನುಭವವೇ ಇಲ್ಲವಾದ್ದರಿಂದ ಸಾವಿಗೆ ಹೆದರಬೇಕಾಗಿಲ್ಲ ಎಂಬುದು ಅದರ ವಾದ. ಜಾಣನಾದವನು ಊಟದಲ್ಲಿ ಪ್ರಮಾಣವನ್ನು ನೋಡದೆ ರುಚಿಯನ್ನು ನೋಡುವಂತೆ, ಆಯುಷ್ಯದಲ್ಲೂ ಉದ್ದವನ್ನು ನೋಡದೆ ಹಿತವನ್ನು ನೋಡುತ್ತಾನಂತೆ. ವೆಂಟಿಲೇಟರ್ ಮುಂದುವರಿಸಬೇಕೆ ಎಂದು ಡಾಕ್ಟರು ಕೇಳಿದಾಗ ಈ ಎರಡನೆಯ ಮಾತು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಆದರೆ ಮೊದಲನೆಯ ವಾದ ಸಾಲದು. ನಮ್ಮ ಹಿರಿಯರಲ್ಲಿ ಅನೇಕರಿಗೆ ಸಾವಿನ ಭಯಕ್ಕಿಂತ ಸಾಯುವ ಬಗೆಯ ಭಯವೇ ಹೆಚ್ಚು. ಅಲ್ಲದೆ ಸತ್ತವರಿಗೆ ಸಾವು ಏನೂ ಅಲ್ಲದಿದ್ದರೂ ಉಳಿದವರಿಗೆ ಅದು ಏನೋ ಹೌದು. ದೂರದೇಶದಿಂದ ಫೋನಿನಲ್ಲಿ ಒಪ್ಪಿಗೆ ಕೊಡಬೇಕಾದ ಮಗನಿಗೆ, ಮಗಳಿಗೆ ಈ ಪತ್ರ ಏನನ್ನೂ ಹೇಳುವುದಿಲ್ಲ.

ಎರಡನೆಯ ಪತ್ರ ಮರಣಶಯ್ಯೆಯಿಂದ ಗೆಳೆಯ ಇಡೊಮೆನಿಯಸನಿಗೆ ಬರೆದದ್ದು. ಮೂತ್ರ ಕಟ್ಟಿದ ನೋವು, ಆಮಶಂಕೆ, ಎರಡೂ ವಿಪರೀತ. ಆದರೂ ಹಿಂದೆ ಆಡಿದ ಮಾತುಕತೆಗಳ ನೆನಪಿನ ಸಂತೋಷ ಇದಕ್ಕೆಲ್ಲ ಎದುರಾಗಿ ನಿಂತಿದೆ ಎನ್ನುತ್ತಾನೆ. ತೀರಿಕೊಂಡ ಮಿತ್ರ ಮೆಟ್ರೊಡೋರಸನ ಮಕ್ಕಳನ್ನು ನೋಡಿಕೊಳ್ಳುವಂತೆ ಕೇಳಿಕೊಳ್ಳುತ್ತಾನೆ.

ಪತ್ರ ಉದಾತ್ತವಾದದ್ದು, ಆದರೆ ಬರೆದವನ ಸಿದ್ಧಾಂತಕ್ಕೆ ಹೊಂದುವುದಿಲ್ಲ ಎಂದು ರೋಮಿನ ಸಿಸೆರೊ ಆಕ್ಷೇಪಿಸಿದ. ಹೊಂದದೆ ಇರುವುದೇ ಅದರ ಬೆಲೆ ಎಂದು ನಮಗೆ ತೋರುತ್ತದೆ. ಇಲ್ಲಿ ಸುಖದ ಲೆಕ್ಕದೊಳಗೆ ಗೆಳೆತನವೂ ಬಂತು, ಇನ್ನೊಬ್ಬರ ಮಕ್ಕಳೂ ಬಂದರು. ಆದರೆ ಒಂದು ಎಚ್ಚರಿಕೆ: ಎಪಿಕ್ಯೂರಸನಿಗೆ ಮಾರ್ಫಿನ್ ಇರಲಿಲ್ಲ. ಆತನ ಧೈರ್ಯವನ್ನು ಹೊಗಳುತ್ತ, ನಮ್ಮ ರೋಗಿಗಳೂ ಹಾಗೆಯೇ ನೋವು ನುಂಗಲಿ ಎನ್ನುವುದು ಕ್ರೌರ್ಯ. ನೋವು ಇಳಿಸುವುದು ಮೊದಲ ಕೆಲಸ. ನೆನಪು, ಮಾತುಗಳಿಗೆ ಆಗಲೇ ಜಾಗ.

ಗುಣವಾಗುವ ಆಸೆ ಇಲ್ಲದಾಗ ಜೀವರಕ್ಷಕ ಯಂತ್ರಗಳು ಬೇಡವೆಂದು ಮೊದಲೇ ಬರೆದಿಡುವ ಪತ್ರಕ್ಕೆ ಭಾರತದ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ಕೊಟ್ಟಿತು. 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಯಾವ ಯಂತ್ರ ಬೇಡ ಎಂಬುದನ್ನು ಆ ಕಾಗದದಲ್ಲಿ ಬರೆಯಬಹುದು. ಕೊನೆಯ ದಿನಗಳಲ್ಲಿ ಯಾರು ಹತ್ತಿರವಿರಬೇಕು, ಯಾವ ಕೆಲಸ ಬಾಕಿ ಉಳಿದಿದೆ ಎಂಬುದನ್ನು ಮಾತ್ರ ನಾವೇ ಕೇಳಿ ತಿಳಿಯಬೇಕು, ಅಪ್ಪ ಅಮ್ಮ ಫೋನಿನಲ್ಲಿ ಇನ್ನೂ ಚೆನ್ನಾಗಿ ಮಾತಾಡುತ್ತಿರುವಾಗಲೇ.